ಕರಾವಳಿಯ ಕೆಂಪು ಮಾಡು

ಪಡುಗಡಲಿಗೂ ಸಹ್ಯಾದ್ರಿಗೂ ನಡುವಣ ನಮ್ಮ ಕರಾವಳಿಯಲ್ಲಿ ಮನೆಯೆಂದರೆ ಮೊದಲು ಮಾಡು, ಗೋಡೆಯೆಂಬುದು ಆಮೇಲಿನ ಮಾತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯ ಬಹುಭಾಗವು ನಾಲ್ಕೇ ತಿಂಗಳೊಳಗೆ ಸುರಿದು ತೀರುವ ಈ ಸೀಮೆಯಲ್ಲಿ, ಬಯಲುನಾಡಿನ ಮಣ್ಣಿನ ಮಾಳಿಗೆಯು ಒಂದು ಆಷಾಢವನ್ನೂ ತಾಳಲಾರದು. ನೀರು ನಿಲ್ಲದೆ ಜಾರಿಹೋಗಬೇಕು, ಗೋಡೆಯಿಂದ ದೂರಕ್ಕೆ ಬೀಳಬೇಕು. ಇಲ್ಲಿನ ವಾಸ್ತುಶಿಲ್ಪದ ಸಮಸ್ತ ಸೌಂದರ್ಯವೂ ಈ ಎರಡು ನಿರ್ಬಂಧಗಳಿಂದಲೇ ಹುಟ್ಟಿತೆಂದು ನಾನು ನಂಬಿದ್ದೇನೆ. ಮೂಡುಬಿದಿರೆಯಲ್ಲಿ 1430ರ ಸುಮಾರಿಗೆ ನಿರ್ಮಿತವಾದ ಸಾವಿರ ಕಂಬದ ಬಸದಿಯನ್ನಾಗಲಿ, ಭಟ್ಕಳದ ದೇವಾಲಯಗಳನ್ನಾಗಲಿ ನೋಡಿದವರಿಗೆ ಇದು ವಿದಿತವಾಗಿರುತ್ತದೆ. ಅಲ್ಲಿಯ ಶಿಲ್ಪಿಗಳು ಮರದ ಮನೆಯ ಇಳಿಜಾರನ್ನು ಕಲ್ಲಿನ ಚಪ್ಪಡಿಗಳಲ್ಲಿಯೇ ಅನುಸರಿಸಿದರು.

ದೇವರಿಗೆ ಕಲ್ಲೂ ತಾಮ್ರವೂ ಸಂದುವು. ಮನುಷ್ಯರಿಗೆ ಮುಳಿಹುಲ್ಲು, ತೆಂಗಿನ ಮಡಲು, ಘಟ್ಟದ ಮೇಲಾದರೆ ಅಡಕೆಯ ಸೋಗೆ. ಹುಲ್ಲಿನ ಮಾಡು ತಂಪಾದದ್ದು, ನೋಟಕ್ಕೂ ಮೃದುವಾದದ್ದು. ಆದರೆ ವರ್ಷವರ್ಷವೂ ಹೊಸದಾಗಿ ಹೊದಿಸಬೇಕಾದದ್ದು, ಒಂದು ಕಿಡಿಗೆ ಊರೇ ಉರಿದುಹೋಗಬಹುದಾದದ್ದು. ಉಳ್ಳವರ ಮನೆಗಳ ಮೇಲೆ ಕುಂಬಾರನು ತಿಗುರಿಯಲ್ಲಿ ತಿರುಗಿಸಿ ಸೀಳಿ ಸುಟ್ಟ ನಾಡಹಂಚು ಇರುತ್ತಿತ್ತು. ಅದೂ ತೊಡಕಿಲ್ಲದ ವಸ್ತುವಲ್ಲ: ಒಂದರ ಮೇಲೊಂದು ಸುಮ್ಮನೆ ಕವುಚಿಟ್ಟ ಹಂಚು ಕೋತಿ ಹಾರಿದರೂ ಬೆಕ್ಕು ನಡೆದರೂ ಸರಿಯುತ್ತಿತ್ತು, ಮಳೆಗಾಲಕ್ಕೆ ಮುನ್ನ ಯಾರಾದರೂ ಮಾಡನ್ನೇರಿ ಪ್ರತಿವರ್ಷವೂ ಅದನ್ನು ಕೈಯಾಡಿಸಬೇಕಾಗುತ್ತಿತ್ತು. ನೆರೆಯ ಮಲಬಾರಿನಲ್ಲಂತೂ ಮನೆಗೆ ಹಂಚು ಹೊದಿಸಲು ಒಂದು ಕಾಲದಲ್ಲಿ ಅರಸರ ಅಪ್ಪಣೆಯೇ ಬೇಕಿತ್ತು. ಮಾಡು ಮನೆಯ ಯಜಮಾನನ ಸ್ಥಾನವನ್ನು ಸಾರುವ ಲಾಂಛನವೂ ಆಗಿದ್ದಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈ ಸ್ಥಿತಿಯನ್ನು ಮಾರ್ಪಡಿಸಿದವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು. ಮತಾಂತರಗೊಂಡ ಕುಟುಂಬಗಳು ತಮ್ಮ ಮನೆತನದ ಆಸ್ತಿಯಿಂದಲೂ ಕುಲವೃತ್ತಿಯಿಂದಲೂ ಹೊರಗುಳಿದು ನಿರಾಧಾರವಾದುದರಿಂದ, ಅವರಿಗೆ ಜೀವನೋಪಾಯ ಕಲ್ಪಿಸುವ ಸಲುವಾಗಿ ಮಿಷನ್ನು ಮುದ್ರಣಾಲಯವನ್ನೂ ನೇಯ್ಗೆಯ ಶಾಲೆಯನ್ನೂ ತೆರೆದು, ಕೊನೆಗೆ ಮಣ್ಣಿನತ್ತ ತಿರುಗಿತು. ಜಾರ್ಜ್ ಪ್ಲೆಬ್‌ಸ್ಟ್ ಎಂಬ ಮಿಷನರಿ ಇಲ್ಲಿನ ನದೀತೀರದ ಜೇಡಿಯನ್ನು ಪರೀಕ್ಷಿಸಿ, 1865ರಲ್ಲಿ ನೇತ್ರಾವತಿಗೆ ಸಮೀಪದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಅಲ್ಸಾಸಿನ ಜಿಲಾರ್ಡೋನಿ ಸಹೋದರರು 1841ರಲ್ಲಿ ಹಕ್ಕುಪತ್ರ ಪಡೆದಿದ್ದ, ಅಂಚಿಗೆ ಅಂಚು ಕೂಡಿಕೊಳ್ಳುವ ಹಂಚಿನ ಮಾದರಿಯೇ ಈ ಉದ್ಯಮಕ್ಕೆ ಮೂಲ. ಆರಂಭದಲ್ಲಿ ಎತ್ತುಗಳು ಗಾಣ ತಿರುಗಿಸಿ ಮಣ್ಣನ್ನು ಹದಗೊಳಿಸುತ್ತಿದ್ದುವು, ಆಳುಗಳು ಕೈಯಚ್ಚಿನಲ್ಲಿ ಒತ್ತುತ್ತಿದ್ದರು. ಉಗಿಯಂತ್ರ ಆಮೇಲೆ ಬಂದಿತು. 1882ರಲ್ಲಿ ಕುದ್ರೋಳಿಯಲ್ಲಿಯೂ 1886ರಲ್ಲಿ ಮಲ್ಪೆಯಲ್ಲಿಯೂ ಮಿಷನ್ನಿನ ಕಾರ್ಖಾನೆಗಳು ಎದ್ದುವು. ಅಷ್ಟರಲ್ಲಿ ದೇಶೀಯರೂ ಸುಮ್ಮನಿರಲಿಲ್ಲ. ಆಲ್ಬುಕರ್ಕ್ ಕಾರ್ಖಾನೆಯು 1868ರಷ್ಟು ಹಿಂದೆಯೇ ಹೊಗೆಯಾಡಿಸಿತ್ತು. ನೇತ್ರಾವತಿ, ಗುರುಪುರ ನದಿಗಳ ಜೇಡಿ, ದೋಣಿಯ ಸಾಗಣೆ, ಘಟ್ಟದ ಕಾಡಿನ ಸೌದೆ ಇವು ಮೂರೂ ಒಂದೆಡೆ ಕೂಡಿಬಂದುದು ಮಂಗಳೂರಿನ ಭಾಗ್ಯ. ಕಾಡಿಗೆ ಮಾತ್ರ ಅದು ಭಾಗ್ಯವಾಗಲಿಲ್ಲ.

ಆ ಹಂಚನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಎರಡರಿಂದ ಮೂರು ಕಿಲೋ ತೂಕದ ಈ ಚಪ್ಪಟೆ ಫಲಕದ ಮುಖದಲ್ಲಿ ನೀರು ಹರಿಯಲು ಕಾಲುವೆಗಳಿವೆ. ಒಂದು ಪಕ್ಕದ ಏಣು ನೆರೆಹಂಚಿನ ತೋಡಿನೊಳಗೆ ಕುಳಿತುಕೊಳ್ಳುತ್ತದೆ. ಬೆನ್ನಿನ ಗುಬುಟು ರೀಪನ್ನು ಹಿಡಿದು ಜಾರದೆ ನಿಲ್ಲುತ್ತದೆ. ಚದರ ಮೀಟರಿಗೆ ಸುಮಾರು 15 ಹಂಚು ಸಾಕಾಗುವುದರಿಂದ ನಾಡಹಂಚಿನ ಇಮ್ಮಡಿ ಹೊರೆ ಇಳಿದು, ಪಕ್ಕಾಸುಗಳು ತೆಳುವಾಗಬಹುದಾಯಿತು. ಹಂಚು ಹಂಚಿಗೆ ಕೂಡಿಕೊಂಡುದರಿಂದ ಮಾಡಿನ ರೇಖೆಗಳು ನೇರವಾದುವು, ಸೂರು ಒಂದೇ ಸಮನಾಗಿ ಚಾಚಿತು. ತೆಂಗಿನ ಹಸುರಿನ ನಡುವೆ ಆ ಕೆಂಪು ಎಷ್ಟು ದೂರದಿಂದಲೂ ಕಣ್ಣಿಗೆ ಹೊಳೆಯತೊಡಗಿತು. ನೆತ್ತಿಯ ತುದಿಗೆ ಅಲಂಕಾರದ ಶಿಖರಗಳನ್ನೂ ಒಳಗಿನ ಮುಚ್ಚಿಗೆಗೆ ಬೇರೆ ಹಂಚನ್ನೂ ಕಾರ್ಖಾನೆಗಳು ಒದಗಿಸಿದುವು. ಕತ್ತಲೆಯ ಅಡಿಗೆಮನೆಗೆ ಒಂದೆರಡು ಗಾಜಿನ ಹಂಚುಗಳು ಹಗಲಿನ ಬೆಳಕನ್ನು ತಂದುವು. ಹುಲ್ಲನ್ನು ತೆಗೆದು ಹಂಚು ಹೊದಿಸಿದ ಸಂಸಾರಕ್ಕೆ ಊರಿನಲ್ಲಿ ಗೌರವ ಹೆಚ್ಚಿತು. ಹೆಣ್ಣು ಕೊಡುವವರು ಹಂಚಿನ ಮನೆಯೇ ಎಂದು ವಿಚಾರಿಸತೊಡಗಿದರು. ಗುತ್ತಿನ ಮನೆಗೂ ಶಾಲೆಗೂ ರೈಲುನಿಲ್ದಾಣಕ್ಕೂ ಬಡ ಗುಮಾಸ್ತನ ಬಿಡಾರಕ್ಕೂ ಒಂದೇ ಹಂಚು ಸಲ್ಲುವಂತಾದುದು ಈ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ಅತ್ಯಂತ ಪ್ರಿಯವಾದ ಅಂಶ.

ಮಂಜಿಗಳಲ್ಲಿ ಮುಂಬಯಿಗೂ, ಹಡಗುಗಳಲ್ಲಿ ಸಿಂಹಳ, ಬರ್ಮಾ, ಪೂರ್ವ ಆಫ್ರಿಕಗಳಿಗೂ ಮಂಗಳೂರಿನ ಹಂಚು ಪ್ರಯಾಣ ಮಾಡಿತು. ಮೊದಲನೆಯ ಮಹಾಯುದ್ಧದಲ್ಲಿ ಮಿಷನ್ನಿನ ಉದ್ಯಮಗಳನ್ನು ಬ್ರಿಟಿಷ್ ಸರಕಾರವು ಶತ್ರುಗಳ ಸ್ವತ್ತೆಂದು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿತು. ಒಡೆತನ ಬದಲಾದರೂ ಹಂಚು ಬದಲಾಗಲಿಲ್ಲ. ಅದನ್ನು ಹಿಂದೊತ್ತಿದುದು ಕಾಂಕ್ರೀಟು. ಸೌದೆಯ ಅಭಾವ, ಜೇಡಿಯ ಕೊರತೆ, ಏರಿದ ಕೂಲಿ ಇವು ಅದಕ್ಕೆ ನೆರವಾದುವು. ಸಮತಟ್ಟಾದ ತಾರಸಿಯೇ ಏಳಿಗೆಯ ಗುರುತೆಂದು ಭಾವಿಸಿ ಎಷ್ಟೋ ಜನ ಒಳ್ಳೆಯ ಮಾಡನ್ನು ಕಳಚಿಸಿದರು. ಆ ತಾರಸಿ ಸೋರತೊಡಗಿದಾಗ ಅದರ ಮೇಲೆಯೇ ತಗಡಿನ ಇಳಿಜಾರನ್ನು ಮತ್ತೆ ಕಟ್ಟಿಸಿದರು. ಹಂಚಿನ ಆಕಾರವನ್ನೇ ಅಚ್ಚೊತ್ತಿದ ಬಣ್ಣದ ತಗಡು ಈಗ ಊರೂರಿಗೂ ಬಂದಿದೆ. ಆದರೆ ಬೇಸಗೆಯ ಮಧ್ಯಾಹ್ನ ಅದರಡಿಯಲ್ಲಿ ಕುಳಿತವರಿಗೆ ಆಕಾರವೊಂದೇ ಸಾಲದೆಂಬುದು ತಿಳಿದೀತು.

ಮನೆಯ ಮುಖ ಚೆನ್ನಾಗಲೆಂದು ಹೊಸ ಮಾಡನ್ನು ಅರಸುವವರಲ್ಲಿ ನನ್ನದೊಂದು ಬಿನ್ನಹವಿದೆ. ಹಳೆಯ ಮಾಡು ಸೋರುತ್ತಿದ್ದರೆ ಹಂಚನ್ನು ದೂರುವುದಕ್ಕೆ ಮುನ್ನ ರೀಪನ್ನೂ ಪಕ್ಕಾಸನ್ನೂ ಒಮ್ಮೆ ಪರೀಕ್ಷಿಸಿರಿ. ಬಹುವೇಳೆ ಶಿಥಿಲವಾಗಿರುವುದು ಮರವೇ ಹೊರತು ಮಣ್ಣಲ್ಲ. ಹಂಚುಗಳನ್ನು ಜೋಪಾನವಾಗಿ ಇಳಿಸಿ, ಪಾಚಿ ಉಜ್ಜಿ, ಒಡೆದವನ್ನು ಬೇರ್ಪಡಿಸಿ, ಹೊಸ ಮರದ ಮೇಲೆ ಅವನ್ನೇ ಮರಳಿ ಹೊದಿಸಿರಿ.