ಸೇಡಂ ರಸ್ತೆಯಲ್ಲಿ ಅರ್ಧ ತಾಸು, ಮನೆಯಲ್ಲಿ ಇಡೀ ದಿನ: ವಿಕಲಚೇತನ ಮಕ್ಕಳ ಪಾಲಕರಿಗೆ ತರಬೇತಿ ಎಲ್ಲಿ, ಹೇಗೆ?

ಕಲಬುರಗಿ: ಬೆಳಿಗ್ಗೆ ಕಮಲಾಪುರದಲ್ಲಿ ಬಸ್ ಹತ್ತಿ, ಇಲ್ಲಿ ಇಳಿದು, ಆಟೊ ಹಿಡಿದು ಸೇಡಂ ರಸ್ತೆಗೆ ಬರುವ ತಾಯಂದಿರನ್ನು ಈ ರಸ್ತೆಯ ಅಂಗಡಿಯವರು ದಿನಾ ನೋಡುತ್ತಾರೆ. ಜಿಮ್ಸ್, ಇಎಸ್‌ಐಸಿ, ಬಸವೇಶ್ವರ ಆಸ್ಪತ್ರೆ ಎಲ್ಲವೂ ಇದೇ ರಸ್ತೆಯಲ್ಲಿವೆ. ತಾಯಿಯ ತೋಳಲ್ಲಿ ನಾಲ್ಕು ವರ್ಷದ, ಇನ್ನೂ ಕುತ್ತಿಗೆ ನಿಲ್ಲದ ಕೂಸು. ಅರ್ಧ ತಾಸು ಫಿಜಿಯೋಥೆರಪಿ, ಮತ್ತೆ ಬಸ್. ಶಕ್ತಿ ಯೋಜನೆಯಿಂದ ಆಕೆಯ ಟಿಕೆಟ್ ದುಡ್ಡು ಉಳಿದಿರಬಹುದು, ಆ ದಿನದ ಕೂಲಿ ಮಾತ್ರ ಹೋಯಿತು. ಹೀಗೆ ಎರಡು-ಮೂರು ತಿಂಗಳು ಓಡಾಡಿ ಕೊನೆಗೆ ಬರುವುದೇ ನಿಂತು ಹೋಗ್ತದ.

ಲೆಕ್ಕ ಸರಳ ಅದ. ಮಗು ದಿನಕ್ಕೆ 12 ತಾಸು ಎಚ್ಚರ ಇದ್ದರೆ ವಾರಕ್ಕೆ 84 ತಾಸು. ಅದರಲ್ಲಿ ಥೆರಪಿಸ್ಟ್ ಕೈಗೆ ಸಿಗುವುದು ಅರ್ಧ ತಾಸು. ಉಳಿದದ್ದೆಲ್ಲಾ ತಾಯಿ, ಅಜ್ಜಿ, ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿ. ಅವರಿಗೆ ಕಲಿಸದೆ ಮಗುವಿಗೆ ಮಾತ್ರ ಥೆರಪಿ ಕೊಟ್ಟರೆ ಫಲ ಕಡಿಮೆ. ಆದರೆ ನಮ್ಮಲ್ಲಿ ಶಿಬಿರ ಎಂದರೆ ಪ್ರಮಾಣಪತ್ರ, ಯುಡಿಐಡಿ ಕಾರ್ಡ್, ಗಾಲಿ ಕುರ್ಚಿ ಇಷ್ಟೇ ಎಂಬ ಭಾವನೆ ಗಟ್ಟಿಯಾಗಿದೆ. ಕಾರ್ಡ್ ಬೇಕು, ಇಲ್ಲ ಅನ್ನಲ್ಲ. ಆದರೆ ಕಾರ್ಡ್ ಬಂದ ಮಾತ್ರಕ್ಕೆ ಕೂಸಿಗೆ ಊಟ ಮಾಡಲು ಬರುವುದಿಲ್ಲ.

ಎಲ್ಲಿ ಕೇಳಬೇಕು?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ) 2013ರಲ್ಲಿ ಶುರುವಾಯಿತು. ಇದರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಬೆಳವಣಿಗೆಯಲ್ಲಿ ಹಿಂದಿರುವ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ ಕಳಿಸಬೇಕು. ಮಕ್ಕಳ ವೈದ್ಯರು, ಫಿಜಿಯೋಥೆರಪಿಸ್ಟ್, ವಾಕ್-ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಂದೇ ಕಡೆ ಸಿಗಬೇಕು ಎಂಬುದು ಈ ಕೇಂದ್ರದ ಉದ್ದೇಶ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋದಾಗ ‘ಡಿಇಐಸಿ’ ಎಂದು ಹೆಸರು ಹಿಡಿದು ಕೇಳ್ರಿ. ‘ಮನೆಯಲ್ಲಿ ಏನು ಮಾಡಬೇಕು, ಮಾಡಿ ತೋರಿಸ್ರಿ’ ಎಂದೂ ಕೇಳ್ರಿ. ತೋರಿಸಿದ ಮೇಲೆ ನೀವು ಅವರ ಎದುರಿಗೇ ಒಮ್ಮೆ ಮಾಡಿ ತೋರಿಸಬೇಕು. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಬರೀ ನೋಡಿಕೊಂಡು ಬಂದದ್ದು ಬಸ್ಸಿನಲ್ಲೇ ಮರೆತು ಹೋಗ್ತದ.

ಊರ ಮಟ್ಟದಲ್ಲಿ ಇಬ್ಬರಿದ್ದಾರೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ), ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯೂ). ಶಾಲೆಯ ವಯಸ್ಸಿನ ಮಗುವಾದರೆ ಬಿಇಒ ಕಚೇರಿಯ ಬಿಐಇಆರ್‌ಟಿ ಶಿಕ್ಷಕರು. ಕಮಲಾಪುರ ಹೊಸ ತಾಲ್ಲೂಕು, ಹಾಗಾಗಿ ನಿಮ್ಮೂರು ಯಾವ ಬಿಇಒ ವ್ಯಾಪ್ತಿಗೆ ಬರುತ್ತದೆ ಎಂದು ಊರ ಶಾಲೆಯ ಹೆಡ್‌ಮಾಸ್ತರರನ್ನೇ ಕೇಳುವುದು ವಾಸಿ. ಶಾಲೆಗೆ ಹೋಗಲಾರದಷ್ಟು ತೀವ್ರ ತೊಂದರೆ ಇರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಲ್ಲಿದೆ. ಮನೆಗೆ ಶಿಕ್ಷಕರು ಬಂದಾಗ ತಾಯಿ ಒಳಗೆ ಅಡುಗೆ ಮಾಡುತ್ತಾ ಕುಳಿತರೆ ಪ್ರಯೋಜನವಿಲ್ಲ. ಪಕ್ಕದಲ್ಲೇ ಕೂತು ನೋಡಬೇಕು, ಯಾಕಂದರೆ ಮರುದಿನದಿಂದ ಆಕೆಯೇ ಶಿಕ್ಷಕಿ.

ತರಬೇತಿಯಲ್ಲಿ ಏನು ಕಲಿಸ್ತಾರ?

ಊಟದಿಂದಲೇ ಹಿಡಿಯೋಣ. ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಹಾಲು ಹುಯ್ಯುವುದು ನಮ್ಮ ಮನೆಗಳಲ್ಲಿ ರೂಢಿ. ಇದು ಅಪಾಯ. ಆಹಾರ ಶ್ವಾಸನಾಳಕ್ಕೆ ಹೋಗಿ ಮತ್ತೆ ಮತ್ತೆ ನ್ಯುಮೋನಿಯಾ ಆಗುವುದಕ್ಕೆ ಇದೂ ಒಂದು ಕಾರಣ. ಮಗುವನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರುವಂತೆ ಹಿಡಿದು, ಚಮಚವನ್ನು ಎದುರಿನಿಂದ, ಬಾಯಿಯ ಮಟ್ಟದಲ್ಲಿ ತರಬೇಕು. ತೆಳ್ಳನೆ ನೀರಿಗಿಂತ ಗಟ್ಟಿ ಗಂಜಿ, ಬ್ಯಾಳಿಯಲ್ಲಿ ನೆನೆಸಿ ಕಿವುಚಿದ ರೊಟ್ಟಿ ಹಲವು ಮಕ್ಕಳಿಗೆ ನುಂಗಲು ಹಗುರ. ಊಟವಾದ ಮೇಲೆ ಅರ್ಧ ತಾಸು ಮಲಗಿಸಬಾರದು. ಪ್ರತಿ ತುತ್ತಿಗೂ ಕೆಮ್ಮಿದರೆ ತಿನ್ನಿಸುವುದು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಎತ್ತಿಕೊಳ್ಳುವುದೂ ಹಾಗೆಯೇ. ಕಾಲು ಬಿಗಿದು ಕತ್ತರಿಯಂತೆ ಒಂದರ ಮೇಲೊಂದು ಬರುವ ಮಗುವನ್ನು ಸಣ್ಣ ಕೂಸಿನಂತೆ ಎರಡೂ ಕೈಯಲ್ಲಿ ಅಡ್ಡಡ್ಡ ಎತ್ತಿದರೆ ಬಿಗಿತ ಹಾಗೇ ಉಳಿಯುತ್ತದೆ. ಟೊಂಕದ ಮೇಲೆ, ಕಾಲು ಎರಡೂ ಬದಿಗೆ ಅಗಲವಾಗುವಂತೆ ಕೂರಿಸಿಕೊಂಡರೆ ಎತ್ತಿಕೊಂಡು ಓಡಾಡುವ ಹೊತ್ತೂ ವ್ಯಾಯಾಮವೇ. ಮೈ ಸಡಿಲ ಇರುವ ಮಗುವಿಗೆ ಬೇರೆ ರೀತಿ. ಯಾವುದು ನಿಮ್ಮ ಮಗುವಿಗೆ ಎಂಬುದನ್ನು ಥೆರಪಿಸ್ಟ್ ಹೇಳಬೇಕು, ಮೊಬೈಲ್ ವಿಡಿಯೊ ಅಲ್ಲ.

ಮಾತಿನ ವಿಷಯಕ್ಕೆ ಬಂದರೆ ದೊಡ್ಡ ಅಡ್ಡಿ ಮನೆಯ ಹಿರಿಯರ ಒಂದು ಮಾತು: ‘ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ, ಬಿಡು.’ ಎರಡು ವರ್ಷಕ್ಕೂ ಎರಡು ಪದ ಕೂಡಿಸದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಆಗಬೇಕು. ಕಿವಿ ಸರಿ ಇದ್ದು ಮಾತು ತಡವಾದರೆ, ಮನೆಯಲ್ಲಿ ಮಾಡುವ ಕೆಲಸ ಬಹಳ ಅದ. ಹಾಲು, ನೀರು ಎರಡನ್ನೂ ತೋರಿಸಿ ‘ಯಾವುದು ಬೇಕು?’ ಎಂದು ಕೇಳಿ, ಮನಸ್ಸಿನಲ್ಲಿ ಐದು ಎಣಿಸುವ ತನಕ ಸುಮ್ಮನಿರಿ. ಮಗು ನೋಡಿದರೂ ಸರಿ, ಬೆರಳು ತೋರಿಸಿದರೂ ಸರಿ, ಅದೇ ಉತ್ತರ. ಕೇಳುವ ಮೊದಲೇ ಎಲ್ಲಾ ಕೊಡುವ ಅಜ್ಜಿಗೆ ಪ್ರೀತಿ ಜಾಸ್ತಿ, ನಿಜ. ಆದರೆ ಮಗುವಿಗೆ ಕೇಳುವ ಅವಕಾಶವೇ ಸಿಗಲ್ಲ. ಅದಕ್ಕೇ ತರಬೇತಿಗೆ ಅಜ್ಜಿಯನ್ನೂ ಕರೆದೊಯ್ಯಿರಿ.

ಬಟ್ಟೆ ತೊಡುವಂಥ ಕೆಲಸವನ್ನು ಕೊನೆಯಿಂದ ಕಲಿಸಬೇಕು. ಅಂಗಿಯನ್ನು ನೀವೇ ತೊಡಿಸಿ, ಕೊನೆಗೆ ಕೆಳಗೆ ಎಳೆಯುವುದೊಂದನ್ನು ಮಗುವಿಗೆ ಬಿಡಿ. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದೇ ಆಗ್ತದ.

ಮೂರ್ಛೆ ಬಂದರೆ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108.

ಇಂಥ ತರಬೇತಿಗೆ ಬಹಳ ಓದಿರಬೇಕಿಲ್ಲ. ಬೆಳವಣಿಗೆ ನಿಧಾನವಿರುವ 2ರಿಂದ 9 ವರ್ಷದ ಮಕ್ಕಳ ಪಾಲಕರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಕಾರ್ಯಕ್ರಮ ರೂಪಿಸಿದೆ: 9 ಗುಂಪು ತರಗತಿ, 3 ಮನೆ ಭೇಟಿ. ಅದನ್ನು ನಡೆಸಲು ತಜ್ಞರೇ ಬೇಕಿಲ್ಲ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಸಾಕು. ಪಾಲಕರು ತಮ್ಮ ದಣಿವು, ಚಿಂತೆಯನ್ನು ನಿಭಾಯಿಸುವುದೂ ಅದರ ಪಾಠಗಳಲ್ಲಿದೆ. ಈ ಭಾಗವನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಲಿಸುವವರಿಗೂ ಕಲಿಕೆ

ಅಂಗನವಾಡಿಗಳಿಗಾಗಿ ಕೇಂದ್ರ ಸರ್ಕಾರ 2023ರ ನವೆಂಬರ್ 28ರಂದು ದಿವ್ಯಾಂಗ ಮಕ್ಕಳ ಪ್ರೋಟೊಕಾಲ್ ಬಿಡುಗಡೆ ಮಾಡಿತು. ಬೇಗ ಗುರುತಿಸುವುದು, ಅಂಗನವಾಡಿಯಲ್ಲೇ ಸೇರಿಸಿಕೊಂಡು ಮನೆಯವರಿಗೆ ಕಲಿಸುವುದು, ಆಶಾ ಮತ್ತು ಆರ್‌ಬಿಎಸ್‌ಕೆ ತಂಡದ ಮೂಲಕ ಮುಂದೆ ಕಳಿಸುವುದು ಅದರ ಮೂರು ಹಂತ. ಶಾಲಾ ಶಿಕ್ಷಕರಿಗೆ ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಎಂಬ ಪರಿಶೀಲನಾ ಪಟ್ಟಿ ಇದೆ. 2016ರ ಕಾಯ್ದೆಯಲ್ಲಿರುವ 21 ಬಗೆಯ ವೈಕಲ್ಯಗಳನ್ನು ಅದು ಒಳಗೊಂಡಿದೆ. ಅದು ಗುರುತಿಸುವುದಕ್ಕಷ್ಟೇ. ಮಗುವಿಗೆ ಹೆಸರು ಹಚ್ಚುವ ಅಧಿಕಾರ ಶಿಕ್ಷಕರಿಗೆ ಇಲ್ಲ.

ಖಾಸಗಿ ಥೆರಪಿ ಸೆಂಟರ್‌ಗೆ ಹೋಗುವವರು ಒಂದು ಪ್ರಶ್ನೆ ಕೇಳಲೇಬೇಕು. ವಿಶೇಷ ಶಿಕ್ಷಕರು, ವಾಕ್-ಶ್ರವಣ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್‌ಸಿಐ) ನೋಂದಣಿ ಆಗಿರಬೇಕು. ಹಾಗಾಗಿ ನೋಂದಣಿ ಸಂಖ್ಯೆ ಕೇಳ್ರಿ, ಸಂಕೋಚ ಬೇಡ. ಕಿರಾಣಿ ಅಂಗಡಿಗೂ ಲೈಸೆನ್ಸ್ ಕೇಳುವ ಕಾಲ ಇದು. ‘ಆರು ತಿಂಗಳಲ್ಲಿ ಆಟಿಸಂ ಪೂರ್ತಿ ಗುಣ’ ಎನ್ನುವವರಿಂದ ದೂರ ಇರಿ.

ಹೆಚ್ಚಿನ ಮೌಲ್ಯಮಾಪನ, ತರಬೇತಿಗೆ ನಮಗೆ ರೈಲಿನಲ್ಲಿ ಹತ್ತಿರ ಇರುವುದು ಸಿಕಂದರಾಬಾದಿನ ಎನ್‌ಐಇಪಿಐಡಿ, ಬೌದ್ಧಿಕ ವೈಕಲ್ಯಕ್ಕೆ ಮೀಸಲಾದ ರಾಷ್ಟ್ರೀಯ ಸಂಸ್ಥೆ. ಕಿವಿ ಮತ್ತು ಮಾತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ರೈಲಿಗೆ ಹೊರಡುವ ಮೊದಲು ರಿಯಾಯಿತಿ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಒಬ್ಬರೇ ಪ್ರಯಾಣಿಸಲಾಗದ ಮಗುವಿನ ಜೊತೆಗಿರುವವರಿಗೂ ರಿಯಾಯಿತಿ ಅದ. ಹೋಗುವಾಗ ತಾಯಿ ಕಾರ್ಡ್, ಔಷಧ ಚೀಟಿ, ಮಗು ಮನೆಯಲ್ಲಿ ಉಣ್ಣುವ, ಆಡುವ ಒಂದೆರಡು ನಿಮಿಷದ ವಿಡಿಯೊ ಇರಲಿ. ಹೊಸ ಜಾಗದಲ್ಲಿ ಮಗು ಬೆದರಿ ಮುದುಡಿಕೊಂಡರೆ ಆ ವಿಡಿಯೊ ವೈದ್ಯರಿಗೆ ಬಹಳ ಸಹಾಯ.

ಹಣದ ವಿಷಯ: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ ಮುಂತಾದ ತೊಂದರೆ ಇರುವವರ ಆರೈಕೆದಾರರಿಗೆ ತಿಂಗಳಿಗೆ ₹1,000 ಭತ್ಯೆಯನ್ನು ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿದೆ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ₹1 ಲಕ್ಷದವರೆಗೆ ಇದ್ದು, ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ.

ಅಂಗಡಿಯವರಿಗೆ ಎರಡು ಮಾತು

ಸಾಮಾನು ಕೊಳ್ಳುವುದು ವಿಶೇಷ ಶಿಕ್ಷಣದ ಪಾಠಗಳಲ್ಲೊಂದು. ಅದರ ತರಗತಿ ನಿಮ್ಮ ಅಂಗಡಿ. ಮಗು 10 ರೂಪಾಯಿ ನೋಟು ಹಿಡಿದು ಬಂದು ನಿಂತರೆ, ತಾಯಿಯ ಮುಖ ನೋಡಿ ‘ಏನು ಬೇಕಂತ್ರಿ ಇವನಿಗೆ?’ ಎಂದು ಕೇಳಬೇಡ್ರಿ. ಮಗುವನ್ನೇ ಕೇಳಿ, ಐದು ಎಣಿಸುವ ತನಕ ಕಾಯ್ರಿ. ಬೆರಳು ತೋರಿಸಿದ ಬಿಸ್ಕಿಟ್ ಪುಡಿಕೆ ಮತ್ತು ಚಿಲ್ಲರೆಯನ್ನು ಅವನ ಕೈಗೇ ಕೊಡ್ರಿ. ಸಂಜೆ ಗಿರಾಕಿ ಗದ್ದಲ ಇರುತ್ತದೆ ಎಂದಾದರೆ ಮಧ್ಯಾಹ್ನ ಮೂರರ ಸುಮಾರಿಗೆ ಕರಕೊಂಡು ಬರ್ರಿ ಎಂದು ತಾಯಿಗೆ ಹೇಳಿದರೂ ಆಯಿತು.