ಗ್ಲುಕೋಸ್ ಬಾಟ್ಲಿಯಿಂದ ಚಮಚದವರೆಗೆ

‘ಮಗ ಸುಸ್ತಾಗ್ಬುಟ್ಟದ, ಒಂದ್ ಬಾಟ್ಲಿ ಗ್ಲುಕೋಸ್ ಏರಿಸ್ಬುಡಿ ಸಾ.’ ಚಾಮರಾಜನಗರ ಜಿಲ್ಲೆಯ ಕುಂತೂರಿನ ಸುತ್ತಮುತ್ತ ಮಗುವಿಗೆ ವಾಂತಿಭೇದಿ ಹಿಡಿದಾಗ ತಾಯಂದಿರ ಬಾಯಲ್ಲಿ ಬರುವ ಮಾತು ಇದು. ಕೊಳ್ಳೇಗಾಲ, ಹನೂರು, ಯಳಂದೂರು ಎಲ್ಲಿಗೆ ಹೋದರೂ ಇದೇ ಬೇಡಿಕೆ. ಕೈಗೆ ಸೂಜಿ ಚುಚ್ಚಿ, ಬಾಟ್ಲಿ ನೇತುಹಾಕಿ, ನೀರು ಹನಿಹನಿಯಾಗಿ ಇಳಿಯುವುದು ಕಣ್ಣಿಗೆ ಕಂಡರೆ ಔಷಧ ಆಯಿತೆಂದು ಸಮಾಧಾನ. ಚಮಚದಲ್ಲಿ ಕುಡಿಸುವ ಉಪ್ಪು ಸಕ್ಕರೆಯ ನೀರು ಬಡವರಿಗೆ ಕೊಟ್ಟು ಸಾಗಹಾಕುವ ಮದ್ದೆಂಬ ಗುಮಾನಿ ಇನ್ನೂ ಹೋಗಿಲ್ಲ. ಇದಕ್ಕಾಗಿ ತಾಯಂದಿರನ್ನು ದೂರಲಾರೆ. ವೈದ್ಯಲೋಕವೇ ಬಹುಕಾಲ ಹಾಗೆಯೇ ನಂಬಿಕೊಂಡಿತ್ತು.

ಕಥೆ ಕಾಲರಾದಿಂದ ಶುರುವಾಗುತ್ತದೆ. 1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಬಂದಾಗ ವಿಲಿಯಂ ಬ್ರೂಕ್ ಓಶಾನೆಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತ ಪರೀಕ್ಷಿಸಿ, ಅದರೊಳಗಿನ ನೀರೂ ಲವಣವೂ ಹರಿದುಹೋಗಿವೆ ಎಂದು ತೋರಿಸಿಕೊಟ್ಟ. ಆ ಕಾಲದ ವೈದ್ಯರು ಕಾಲರಾ ರೋಗಿಯ ರಕ್ತವನ್ನು ಇನ್ನಷ್ಟು ಹೊರಕ್ಕೆ ತೆಗೆಯುತ್ತಿದ್ದರು! ಮರುವರ್ಷವೇ ಸ್ಕಾಟ್ಲೆಂಡಿನ ಲೀತ್ ಪಟ್ಟಣದಲ್ಲಿ ಥಾಮಸ್ ಲಾಟ್ಟಾ ಸಾಯುವ ಸ್ಥಿತಿಯಲ್ಲಿದ್ದ ವೃದ್ಧೆಯೊಬ್ಬಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ. ಆಕೆಯ ಗುಳಿಬಿದ್ದ ಕಣ್ಣಿಗೆ ಕಳೆ ಬಂತು, ನಾಡಿ ಮರಳಿತು. ಗೆದ್ದೆನೆಂದು ಲಾಟ್ಟಾ ಹೊರಟುಹೋದ ಮೇಲೆ ಭೇದಿ ಮತ್ತೆ ಕಿತ್ತುಕೊಂಡು ಆಕೆ ತೀರಿಕೊಂಡಳು. ಹೋದ ನೀರನ್ನು ತುಂಬಿದರೆ ಸಾಲದು, ಹೋಗುತ್ತಲೇ ಇರುವ ನೀರನ್ನೂ ತುಂಬುತ್ತಲೇ ಇರಬೇಕು ಎಂಬುದು ಅಂದೇ ಕಂಡ ಪಾಠ. ಅದು ಇಂದಿಗೂ ನಮ್ಮ ಮನೆಗಳಲ್ಲಿ ಮರೆತುಹೋಗುತ್ತದೆ. ಮಗು ಒಮ್ಮೆ ಕಣ್ಣರಳಿಸಿತೆಂದರೆ ಲೋಟ ಕೆಳಗಿಡುತ್ತೇವೆ.

ಲಾಟ್ಟಾನ ಸೂಜಿ ಹಲವು ದಶಕ ಮೂಲೆಗೆ ಬಿತ್ತು, ಮತ್ತೆ ಕೈಗೆ ಬಂದ ಮೇಲೆ ಅದರದೇ ಕಾರುಬಾರು. ಕಲ್ಕತ್ತದಲ್ಲಿ ಲಿಯೊನಾರ್ಡ್ ರಾಜರ್ಸ್ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಲೈನ್ ಚಿಕಿತ್ಸೆಯನ್ನು ತಿದ್ದಿ ಸಾವು ತಗ್ಗಿಸಿದರು. ಬಾಯಿಂದ ಕೊಟ್ಟರೆ ಸಾಲದೇ ಎಂದು ಕೇಳಿದವರೂ ಅಲ್ಲಿಯವರೇ. ಹೇಮೇಂದ್ರನಾಥ ಚಟರ್ಜಿ ಉಪ್ಪು ಗ್ಲುಕೋಸಿನ ನೀರು ಕುಡಿಸಿ 186 ಕಾಲರಾ ರೋಗಿಗಳನ್ನು ನೋಡಿಕೊಂಡ ವಿವರ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಜಗತ್ತು ಕಿವಿಗೊಡಲಿಲ್ಲ. ಕರುಳು ಕೆಟ್ಟಿರುವಾಗ ಕುಡಿದ ನೀರು ಮೈಗೆ ಹತ್ತುವುದು ಹೇಗೆ ಎಂಬುದಕ್ಕೆ ಚಟರ್ಜಿಯವರ ಬಳಿ ಕಾರಣವಿರಲಿಲ್ಲ. ಆ ಕಾರಣ 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿಯಿಂದ ಬಂತು: ಕರುಳಿನ ಗೋಡೆಯಲ್ಲಿ ಗ್ಲುಕೋಸ್ ಒಳಹೋಗುವಾಗ ಸೋಡಿಯಂ ಅನ್ನು ಜೊತೆಗೆ ಎಳೆದೊಯ್ಯುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಭೇದಿಯ ಸಮಯದಲ್ಲೂ ಈ ಬಾಗಿಲು ಮುಚ್ಚುವುದಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ರೋಗಿಯಿಂದ ಹೊರಹೋದಷ್ಟನ್ನು ಅಳೆದು ಅಷ್ಟನ್ನೇ ಕುಡಿಸಿ, ಸೂಜಿಯ ಅಗತ್ಯ ಬಹುಪಾಲು ಇಲ್ಲವಾಗುವುದನ್ನು ತೋರಿಸಿದರು.

ಅದು ಇನ್ನೂ ಆಸ್ಪತ್ರೆಯೊಳಗಿನ ಮಾತು. ಅಂಗಳಕ್ಕೆ ತಂದವರು ದಿಲೀಪ್ ಮಹಲನಬಿಸ್. 1971ರ ಬಾಂಗ್ಲಾ ಯುದ್ಧಕಾಲದಲ್ಲಿ ಗಡಿಯ ಬನಗಾಂವ್ ಆಸ್ಪತ್ರೆಗೆ ನಿರಾಶ್ರಿತರು ನುಗ್ಗಿದಾಗ ಸಲೈನ್ ಬಾಟ್ಲಿ ಮುಗಿಯಿತು. ಅವರು ಅಡುಗೆ ಉಪ್ಪು, ಅಡುಗೆ ಸೋಡಾ, ಗ್ಲುಕೋಸುಗಳನ್ನು ಅಳತೆ ಮಾಡಿ ಪೊಟ್ಟಣ ಕಟ್ಟಿಸಿದರು, ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಕಲಸಿಸಿಟ್ಟರು, ರೋಗಿಯ ಅಕ್ಕ, ಅಮ್ಮ, ಗಂಡ ಯಾರಿದ್ದರೆ ಅವರ ಕೈಗೆ ಲೋಟ ಕೊಟ್ಟರು. ನೂರಕ್ಕೆ 30ರವರೆಗೆ ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುವು ಆ ಲೋಟ ಕೈ ಬದಲಾಯಿಸಿದ ಕ್ಷಣ. 2022ರಲ್ಲಿ ಅವರು ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ, ಮರಣೋತ್ತರವಾಗಿ.

ಬಳಿಕ ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಮನೆಮನೆಗೆ ನಡೆದು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ಕಲಿಸಿದರು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳು. ಕಬ್ಬು ಬೆಳೆದು ಬೆಲ್ಲ ಬಲ್ಲ ನಮ್ಮ ಸೀಮೆಗೆ ಇದಕ್ಕಿಂತ ಹತ್ತಿರದ ಔಷಧ ಯಾವುದಿದೆ?

ಓಆರ್‌ಎಸ್ ಎಂದು ಕರೆಯುವ ಈ ಉಪ್ಪು ಸಕ್ಕರೆಯ ಪೊಟ್ಟಣವೂ ಬದಲಾಗುತ್ತ ಬಂದಿದೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉಪ್ಪು, ಸಕ್ಕರೆ ಎರಡನ್ನೂ ಇಳಿಸಿತು. ಈಗಿನ ಲೆಕ್ಕ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲುಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. 2004ರಲ್ಲಿ ಜೊತೆಗೆ ಜಿಂಕ್ ಸೇರಿತು: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕೂ ಚಿಕ್ಕದಕ್ಕೆ 10, ಭೇದಿ ನಿಂತರೂ 10ರಿಂದ 14 ದಿನ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ನೂರಕ್ಕೆ ಸುಮಾರು 61 ಮಂದಿಗೆ ಓಆರ್‌ಎಸ್ ಸಿಕ್ಕಿತು, ಜಿಂಕ್ ಸಿಕ್ಕಿದ್ದು ಸುಮಾರು 30 ಮಂದಿಗೆ. ಅಂಗಡಿಯಲ್ಲಿ ಓಆರ್‌ಎಸ್ ಹೆಸರು ಹೊತ್ತು ಕೂತಿದ್ದ ಸಿಹಿ ಪಾನೀಯಗಳದು ಬೇರೆಯೇ ಕಾಟ. ಸಕ್ಕರೆ ಮಿತಿಮೀರಿದರೆ ಭೇದಿ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕುವಂತಿಲ್ಲ ಎಂದಿತು.

ನೀರು ಬತ್ತಿದ್ದನ್ನು ಗುರುತಿಸುವ ಬಗೆ ಮಾತ್ರ ಇಷ್ಟು ವರ್ಷಗಳಲ್ಲೂ ಯಂತ್ರ ಬೇಡಲಿಲ್ಲ; ಇನ್ನೂ ಸರಳವಾಯಿತು. ನಾಲ್ಕನ್ನು ನೋಡಿದರೆ ಸಾಕು: ಮಗುವಿನ ಒಟ್ಟು ಚಹರೆ, ಕಣ್ಣು, ಬಾಯಾರಿಕೆ, ಚರ್ಮ. ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ಬಿಡಬೇಕು. ತಟ್ಟನೆ ಸಮವಾದರೆ ಭಯವಿಲ್ಲ. ನಿಧಾನಕ್ಕೆ ಇಳಿದು, ಮಗು ಕಿರಿಕಿರಿ ಮಾಡುತ್ತ, ಕಣ್ಣು ಗುಳಿಬಿದ್ದು, ಲೋಟವನ್ನು ಕಿತ್ತುಕೊಂಡು ಕುಡಿಯುತ್ತಿದ್ದರೆ ನೀರು ಕಡಿಮೆಯಾಗಿದೆ. ಹಟ ಮಾಡುತ್ತಿದ್ದ ಮಗು ಸುಮ್ಮನಾಗಿಬಿಟ್ಟಿತೇ? ‘ಸದ್ಯ, ಮಲಗಿತು’ ಎಂದು ಸಮಾಧಾನಪಡುವ ಘಳಿಗೆ ಅದಲ್ಲ. ಮಂಕು ಕವಿದು, ಕುಡಿಯಲಾರದೆ, ಚಿವುಟಿದ ಚರ್ಮ ಎರಡು ಸೆಕೆಂಡು ಕಳೆದರೂ ಮಡಿಕೆಯಾಗಿಯೇ ನಿಂತರೆ ಆಗ ಬೇಕಾದ್ದು ಬಾಟ್ಲಿ, ಅದೂ ತಕ್ಷಣ. ಅಲ್ಲಿಗೆ ಮುಟ್ಟುವವರೆಗೆ ದಾರಿಯಲ್ಲೂ ನುಂಗಬಲ್ಲಷ್ಟನ್ನು ಗುಟುಕು ಗುಟುಕಾಗಿ ಕೊಡುತ್ತಿರಬೇಕು. ಎಳೆಗೂಸಿನ ನೆತ್ತಿ ತಗ್ಗಿರುವುದನ್ನು ನಮ್ಮ ಅಜ್ಜಿಯರು ಬೆರಳಾಡಿಸಿಯೇ ಹೇಳುತ್ತಿದ್ದರು. ಅದು ಸರಿಯಾದ ಲಕ್ಷಣವೇ. ಆದರೆ ಕಾರಣ ಒಳಗಿನ ನೀರು ಬತ್ತಿದ್ದು. ನೆತ್ತಿಗೆ ಎಣ್ಣೆ ಒತ್ತಿದರೆ ಅದು ಮೇಲೇಳುವುದಿಲ್ಲ.

ನಡುವಿನ ಸ್ಥಿತಿಯಲ್ಲಿರುವ ಮಕ್ಕಳಿಗೆ ಕಿಲೋ ತೂಕಕ್ಕೆ 75 ಮಿಲಿಲೀಟರಿನಂತೆ ನಾಲ್ಕು ಗಂಟೆಯಲ್ಲಿ ಓಆರ್‌ಎಸ್. ಹತ್ತು ಕಿಲೋ ಮಗುವಿಗೆ ಮುಕ್ಕಾಲು ಲೀಟರು. ಒಂದೆರಡು ನಿಮಿಷಕ್ಕೊಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ, ಇನ್ನೂ ನಿಧಾನವಾಗಿ. ಎದೆಹಾಲು ನಿಲ್ಲಿಸಬಾರದು. ಹೊಟ್ಟೆ ಖಾಲಿ ಬಿಡಿ ಎಂದು ಹಿಂದೆ ಡಾಕ್ಟರುಗಳೇ ಹೇಳುತ್ತಿದ್ದರು, ಈಗ ಆ ಮಾತು ಹೋಗಿದೆ. ಗಂಜಿ, ಉಪ್ಪು ಹಾಕಿದ ಮಜ್ಜಿಗೆ, ಮೆತ್ತಗಿನ ಅನ್ನ ಎಲ್ಲವೂ ಆಗಬಹುದು. ಒಂದು ಎಚ್ಚರವನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು: ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಸಿದರೆ ಉಪ್ಪು ಏರಿ ಮಗುವಿನ ಮೆದುಳಿಗೇ ಅಪಾಯ. ಪೊಟ್ಟಣ ಸಿಗದಾಗ ಒಂದು ಲೀಟರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು.

ತಡೆಯುವ ಕಡೆಯೂ ಕೆಲಸ ನಡೆದಿದೆ, ಅದರಲ್ಲಿ ನಮ್ಮವರ ಪಾಲೂ ಇದೆ. ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕ ಐ321 ಎಂಬ, ಮಕ್ಕಳಿಗೆ ಭೇದಿ ತರುವ ರೋಟಾವೈರಸ್ಸಿನ ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಅವರ ತಂಡ ಲಸಿಕೆಯ ಮಟ್ಟಕ್ಕೆ ತಂದಿತು. ಪರೀಕ್ಷೆಯಲ್ಲಿ ಮುಂದೆ ಹೋದದ್ದು ದೆಹಲಿಯಲ್ಲಿ ಸಿಕ್ಕ 116ಇ ತಳಿ. 2016ರಲ್ಲಿ ಸರ್ಕಾರಿ ಲಸಿಕೆಗಳ ಪಟ್ಟಿಗೆ ರೋಟಾ ಲಸಿಕೆ ಸೇರಿತು, 2019ರ ಹೊತ್ತಿಗೆ ನಮ್ಮ ರಾಜ್ಯಕ್ಕೂ ಬಂತು. ಆದರೂ ನೀರೇ ಕೆಟ್ಟರೆ ಲಸಿಕೆ ಏನು ಮಾಡೀತು? ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರಲ್ಲಿ, ಮೈಸೂರಿನ ಪಕ್ಕದ ಸಾಲುಂಡಿಯಲ್ಲಿ 2024ರಲ್ಲಿ ಕಲುಷಿತ ನೀರು ಕುಡಿದು ಜೀವ ಹೋದದ್ದು ದೊಡ್ಡವರದು.

ದೊಡ್ಡವರ ವಿಷಯದಲ್ಲೇ ಈ ಶಾಸ್ತ್ರ ಇನ್ನೂ ತಡವರಿಸುತ್ತಿದೆ. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತದೆ, ಚರ್ಮ ಹೇಗೂ ಸಡಿಲ. ಚಿವುಟಿ ನೋಡಿದ್ದು ನಂಬುವಂತಿಲ್ಲ. ಎದ್ದು ನಿಂತರೆ ಕಣ್ಣುಕತ್ತಲೆ, ಒಣಗಿದ ನಾಲಿಗೆ, ಕಡುಹಳದಿ ಮೂತ್ರ ಅಥವಾ ಮೂತ್ರವೇ ಇಲ್ಲದಿರುವುದು, ಇದ್ದಕ್ಕಿದ್ದಂತೆ ತಡಬಡ ಮಾತು, ಇವೇ ಸುಳಿವು. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಅಜ್ಜನಿಗೆ ಭೇದಿಯಾದರೆ ಆ ಮಾತ್ರೆಯ ಬಗ್ಗೆ ಅಂದೇ ಡಾಕ್ಟರನ್ನು ಕೇಳಬೇಕು. ಭೇದಿಯಷ್ಟೇ ಅಲ್ಲ, ಬೆವರೂ ನೀರು ಬತ್ತಿಸುತ್ತದೆ. ಶಿವರಾತ್ರಿಗೆ, ಯುಗಾದಿಗೆ ಮಾದಪ್ಪನ ಬೆಟ್ಟಕ್ಕೆ ಬಿಸಿಲಲ್ಲಿ ನಡೆಯುವವರಲ್ಲಿ ಇಂಥ ಹಿರಿಯರು ಬೇಕಾದಷ್ಟು ಮಂದಿ. ದಾರಿಬದಿಯಲ್ಲಿ ಕೊಡುವ ಉಪ್ಪುಮಜ್ಜಿಗೆ ಅವರಿಗೆ ನಿಜಕ್ಕೂ ಔಷಧ. ಮೈ ಕಾದು ಬೆಂಕಿಯಾಗಿ ಬುದ್ಧಿ ತಪ್ಪಿದವರಿಗೆ ಮಾತ್ರ ಕುಡಿಸಲು ಹೋಗದೆ, ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ ಆಸ್ಪತ್ರೆಗೆ ಸಾಗಿಸಬೇಕು.

ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಕಡಿಯುವವರ ಬೆವರು ಈ ಸೀಮೆಗೆ ಹೊಸದಲ್ಲ. ದೂರದ ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ಬಿಪಿಯಾಗಲಿ ಇಲ್ಲದ ಗಟ್ಟಿಮುಟ್ಟು ಕಬ್ಬು ಕಡಿಯುವವರ ಮೂತ್ರಪಿಂಡಗಳು ಎಳೆವಯಸ್ಸಿನಲ್ಲೇ ಸೋತಾಗ, ಬಿಸಿಲಿನ ದುಡಿಮೆಯಲ್ಲಿ ದಿನದಿನವೂ ನೀರು ಬತ್ತುವುದು ಮುಖ್ಯ ಕಾರಣಗಳಲ್ಲೊಂದೆಂಬ ಶಂಕೆ ಬಲವಾಯಿತು. ಅಲ್ಲಿ ಹುಡುಕಿಕೊಂಡ ಉಪಾಯ ನೀರು, ವಿರಾಮ, ನೆರಳು. ನಮ್ಮಲ್ಲಿ ಬಿಂದಿಗೆ ಗದ್ದೆಯ ಬದುವಿನ ತುದಿಯಲ್ಲಿರುತ್ತದೆ, ಕಟಾವು ಸಾಗಿದಷ್ಟೂ ಕುಡ್ಲು ಹಿಡಿದವರು ಅದರಿಂದ ದೂರವಾಗುತ್ತಾರೆ. ಟನ್ನಿನ ಲೆಕ್ಕದ ಕೂಲಿಯಲ್ಲಿ ಅಲ್ಲಿಯವರೆಗೆ ನಡೆದುಹೋಗಿ ಬರುವ ಹೊತ್ತಿಗೆ ಕಾಸಿಲ್ಲ. ಬಿಂದಿಗೆಯನ್ನು ಅವರ ಹಿಂದೆಯೇ ಸಾಗಿಸುವವರು ಯಾರು ಎಂಬುದನ್ನು ಕಟಾವಿನ ಮೊದಲ ದಿನವೇ ಮೇಸ್ತ್ರಿ, ಜಮೀನಿನವರು ಕೂತು ತೀರ್ಮಾನಿಸಬೇಕಿದೆ.