ಗಣಕಯಂತ್ರದ ಸರದಿ ಮತ್ತು ಆಜ್ಞಾಪದಗಳು: ಒಂದು ಚಾರಿತ್ರಿಕ ವಿವೇಚನೆ

೧

ಹಲವರು ಬಳಸುವ ಒಂದೇ ಗಣಕಯಂತ್ರದಲ್ಲಿ ಯಾರ ಕೆಲಸ ಮೊದಲು ನಡೆಯಬೇಕು, ಯಾರದು ಕಾಯಬೇಕು, ಯಾವುದನ್ನು ತಡೆಹಿಡಿಯಬೇಕು, ಯಾವುದನ್ನು ಕೈಬಿಡಬೇಕು ಎಂಬ ಪ್ರಶ್ನೆಗಳು ಆ ಯಂತ್ರದಷ್ಟೇ ಹಳೆಯವು. ಇವುಗಳನ್ನು ಇತ್ಯರ್ಥಗೊಳಿಸುವ ಏರ್ಪಾಟಿಗೆ ‘ಜಾಬ್ ಶೆಡ್ಯೂಲಿಂಗ್’ ಎಂದು ಹೆಸರು. ನಾವು ಇಲ್ಲಿ ಅದನ್ನು ಕಾರ್ಯಸರದಿಯೆಂದು ಕರೆಯುತ್ತೇವೆ. ಈ ಸರದಿಯನ್ನು ನಡೆಸುವುದು ಬಹುಮಟ್ಟಿಗೆ ಕೀಲಿಮಣೆಯಲ್ಲಿ ಒತ್ತಿ ಬರೆಯುವ ಒಂದೊಂದು ಸಾಲಿನ ಚಿಕ್ಕ ಆಜ್ಞೆಗಳಿಂದ.

ಈ ಆಜ್ಞೆಗಳನ್ನು ಕೇವಲ ತಾಂತ್ರಿಕ ಸೌಕರ್ಯವೆಂದು ಭಾವಿಸುವುದು ವಾಡಿಕೆ. ಆದರೆ ಅವುಗಳ ಇತಿಹಾಸವನ್ನು ಕ್ರಮವಾಗಿ ಪರಿಶೀಲಿಸಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಸಲ್ಲಿಸು, ತೋರಿಸು, ತಡೆ, ಬಿಡು, ರದ್ದುಮಾಡು ಎಂಬ ಐದು ಕ್ರಿಯಾಪದಗಳು ೧೯೬೦ರ ದಶಕದಿಂದ ಇಂದಿನವರೆಗೆ ಹೆಚ್ಚುಕಡಿಮೆ ಹಾಗೆಯೇ ಉಳಿದುಬಂದಿವೆ. ಬದಲಾದುದು ಎರಡು: ಆ ಮಾತುಗಳನ್ನು ಆಡುವ ಅಧಿಕಾರ ಯಾರದು ಎಂಬುದು; ಮತ್ತು ಕಾಯುತ್ತಿರುವವನಿಗೆ ಕಾರಣ ತಿಳಿಸುವ ಹೊಣೆ ಯಾರದು ಎಂಬುದು. ಈ ಎರಡು ಬದಲಾವಣೆಗಳನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊತ್ತಮೊದಲ ಯಂತ್ರಗಳ ಕಾಲದಲ್ಲಿ ಸರದಿಯೆಂಬುದು ಕಾಗದದ ಹಾಳೆಯ ಮೇಲೆ ಇತ್ತು. ಯಂತ್ರವನ್ನು ಬಳಸಬೇಕಾದವನು ತನ್ನ ಹೆಸರು ಬರೆದು, ಗೊತ್ತಾದ ಹೊತ್ತಿಗೆ ಬಂದು, ಯಂತ್ರವನ್ನು ಸಜ್ಜುಗೊಳಿಸಿ, ಲೆಕ್ಕ ಮುಗಿಸಿ ಹೋಗುತ್ತಿದ್ದನು. ಒಬ್ಬನು ಎದ್ದು ಇನ್ನೊಬ್ಬನು ಕೂರುವ ನಡುವೆ ಬಹು ಬೆಲೆಯ ಯಂತ್ರವು ಸುಮ್ಮನೆ ನಿಂತಿರುತ್ತಿತ್ತು. ಈ ವ್ಯರ್ಥಕಾಲವನ್ನು ನಿವಾರಿಸಲೆಂದು ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳು ಕೂಡಿ ೧೯೫೬ರಲ್ಲಿ ಐಬಿಎಂ ೭೦೪ ಯಂತ್ರಕ್ಕಾಗಿ ಒಂದು ಮೇಲ್ವಿಚಾರಕ ಕ್ರಮವಿಧಿಯನ್ನು ರಚಿಸಿದವು. ರಾಬರ್ಟ್ ಪ್ಯಾಟ್ರಿಕ್ ಮತ್ತು ಓವನ್ ಮಾಕ್ ಅದರ ಕರ್ತೃಗಳು. ಒಂದು ಕೆಲಸ ಮುಗಿದೊಡನೆ ಮುಂದಿನದನ್ನು ತಾನಾಗಿಯೇ ಕೈಗೆತ್ತಿಕೊಳ್ಳುವುದು ಅದರ ಮುಖ್ಯ ಗುಣ. ಕಾರ್ಯಸರದಿಯ ಇತಿಹಾಸವನ್ನು ಇಲ್ಲಿಂದ ಆರಂಭಿಸುವುದು ಯುಕ್ತ.

ಯಂತ್ರವು ತಾನಾಗಿ ಮುಂದುವರಿಯಬೇಕಾದರೆ ಒಂದು ಕೆಲಸ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆಂಬುದು ಅದಕ್ಕೆ ತಿಳಿಯಬೇಕಷ್ಟೆ. ಆದಕಾರಣ ತೂತು ಕೊರೆದ ಕಾರ್ಡುಗಳ ಕಟ್ಟಿನ ನಡುವೆ ಆಜ್ಞೆಯ ಕಾರ್ಡುಗಳು ಬಂದವು. ಐಬಿಎಂ ೭೦೯೦ ವರ್ಗದ ಯಂತ್ರಗಳ ‘ಐಬಿಸಿಸ್’ ವ್ಯವಸ್ಥೆಯಲ್ಲಿ ಇಂಥ ಕಾರ್ಡು ಡಾಲರ್ ಚಿಹ್ನೆಯಿಂದ ಮೊದಲಾಗುತ್ತಿತ್ತು. ಅದರ ಮುಂದೆ ‘ಜಾಬ್’ ಎಂದಿದ್ದರೆ ಹೊಸ ಕೆಲಸ ಎಂದರ್ಥ. ಇಂದಿನ ಆಜ್ಞೆಗಳ ಪೂರ್ವಜರು ಈ ಕಾರ್ಡುಗಳೇ.

ಆದರೆ ಈ ಏರ್ಪಾಟಿನಿಂದ ಬಳಕೆದಾರನು ಯಂತ್ರದಿಂದ ದೂರನಾದನು. ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು, ಗಂಟೆಗಳ ಅಥವಾ ಒಂದು ದಿನದ ಬಳಿಕ ಅಚ್ಚಾದ ಹಾಳೆಗಳನ್ನು ಪಡೆಯುವುದಷ್ಟೇ ಅವನ ಪಾಲಿಗೆ ಉಳಿಯಿತು. ಕಿಟಕಿಯ ಆಚೆ ಯಾರ ಕಟ್ಟು ಮೇಲಿದೆ, ಯಾರದು ಕೆಳಗಿದೆ ಎಂಬುದು ಆಪರೇಟರನಿಗೆ ಮಾತ್ರ ಗೊತ್ತು. ಅವನು ನ್ಯಾಯವಂತನಾಗಿದ್ದರೂ ಕಾರಣ ಹೇಳಬೇಕಾದ ಕಟ್ಟುಪಾಡು ಅವನಿಗಿರಲಿಲ್ಲ.

೩

ಈ ಭೇದವು ಸ್ಪಷ್ಟವಾದ ಭಾಷಾರೂಪವನ್ನು ತಳೆದದ್ದು ಐಬಿಎಂ ಸಂಸ್ಥೆ ೧೯೬೪ರಲ್ಲಿ ಪ್ರಕಟಿಸಿದ ಸಿಸ್ಟಮ್/೩೬೦ ಯಂತ್ರಗಳ ಕಾರ್ಯವ್ಯವಸ್ಥೆಯಲ್ಲಿ. ಅಲ್ಲಿ ಎರಡು ಭಾಷೆಗಳಿದ್ದವು. ಮೊದಲನೆಯದು ಬಳಕೆದಾರನದು. ‘ಜಾಬ್ ಕಂಟ್ರೋಲ್ ಲ್ಯಾಂಗ್ವೇಜ್’ ಎಂಬ ಈ ಭಾಷೆಯಲ್ಲಿ ಸಾಲುಗಳು ಸಾಮಾನ್ಯವಾಗಿ ಎರಡು ಓರೆಗೆರೆಗಳಿಂದ ಆರಂಭವಾಗುತ್ತವೆ. ‘ಜಾಬ್’, ‘ಎಕ್ಸೆಕ್’, ‘ಡಿಡಿ’ ಎಂಬ ಮೂರು ಬಗೆಯ ವಾಕ್ಯಗಳು ಅದರಲ್ಲಿ ಪ್ರಧಾನ. ಎರಡನೆಯದು ಯಂತ್ರದ ಮುಂದೆ ಕುಳಿತ ಆಪರೇಟರನದು. ಡಿಸ್‌ಪ್ಲೇ, ಹೋಲ್ಡ್, ರಿಲೀಸ್, ಕ್ಯಾನ್ಸಲ್, ಎಂದರೆ ತೋರಿಸು, ತಡೆ, ಬಿಡು, ರದ್ದುಮಾಡು ಎಂಬ ನಾಲ್ಕು ಪದಗಳು ಅವನ ಭಾಷೆಗೆ ಸೇರಿದ್ದವು. ಮೇಲೆ ಹೇಳಿದ ಐದು ಕ್ರಿಯಾಪದಗಳಲ್ಲಿ ಸಲ್ಲಿಸುವುದೊಂದೇ ಬಳಕೆದಾರನ ಪಾಲಿಗೆ ಬಂದಿತು.

ಇದಕ್ಕೆ ಒಂದು ಚಿಕ್ಕ ಸಾಕ್ಷ್ಯವನ್ನು ಕೊಡಬಹುದು. ಬಳಕೆದಾರನು ತನ್ನ ಜಾಬ್ ಕಾರ್ಡಿನಲ್ಲಿಯೇ ‘ಟೈಪ್‌ರನ್’ ಎಂಬಲ್ಲಿ ‘ಹೋಲ್ಡ್’ ಎಂದು ಬರೆದು, ತನ್ನ ಕೆಲಸವನ್ನು ತಡೆದಿರಿಸುವಂತೆ ಕೋರಬಹುದಾಗಿತ್ತು. ಆದರೆ ಹಾಗೆ ನಿಂತ ಕೆಲಸವನ್ನು ಮತ್ತೆ ಹೊರಡಿಸಲು ಆಪರೇಟರನು ‘ರಿಲೀಸ್’ ಎನ್ನಬೇಕು. ಕಟ್ಟಿಹಾಕಿಕೊಳ್ಳುವುದು ತನ್ನ ಇಚ್ಛೆ, ಬಿಡಿಸಿಕೊಳ್ಳುವುದು ಪರರ ಕೃಪೆ ಎಂಬಂತಾಯಿತು. ಈ ಕಾರ್ಯವ್ಯವಸ್ಥೆಯ ನಿರ್ಮಾಣವನ್ನು ನಿರ್ದೇಶಿಸಿದ ಫ್ರೆಡ್ ಬ್ರೂಕ್ಸ್ ಅವರೇ ತರುವಾಯ ಜಾಬ್ ಕಂಟ್ರೋಲ್ ಲ್ಯಾಂಗ್ವೇಜನ್ನು ಅತ್ಯಂತ ಕೆಟ್ಟ ಗಣಕಭಾಷೆಯೆಂದು ಖಂಡಿಸಿದ್ದಾರೆ. ಆದರೂ ಅದರ ಸಂತತಿ ದೊಡ್ಡ ಉದ್ಯಮಗಳ ಯಂತ್ರಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

೪

ಇದೇ ಕಾಲದಲ್ಲಿ ಬೇರೊಂದು ಮಾರ್ಗವೂ ತೆರೆಯಿತು. ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ೧೯೬೧ರಲ್ಲಿ ಕಾಲವಿಭಾಗದ ವ್ಯವಸ್ಥೆಯೊಂದನ್ನು ನಡೆಸಿ ತೋರಿಸಿದರು. ಯಂತ್ರವು ತನ್ನ ಕಾಲವನ್ನು ಚಿಕ್ಕ ತುಣುಕುಗಳಾಗಿ ಹಂಚುವುದರಿಂದ ಹಲವರು ಏಕಕಾಲದಲ್ಲಿ ತಮ್ಮ ತಮ್ಮ ಕೀಲಿಮಣೆಯಿಂದ ಆಜ್ಞೆ ಕೊಡುವಂತಾಯಿತು. ಹೆಚ್ಚು ಹೊತ್ತು ಓಡುವ ಕೆಲಸ ಕೆಳಗಿನ ಸಾಲಿಗೆ ಇಳಿಯುತ್ತ ಹೋಗುವುದು ಇದರ ನಿಯಮ. ಕೆಳಗಿಳಿದ ಕೆಲಸ ಎಂದೆಂದಿಗೂ ಮೇಲೇರದಿದ್ದರೆ ಗತಿಯೇನು? ಆ ಸಂಸ್ಥೆಯ ಐಬಿಎಂ ೭೦೯೪ ಯಂತ್ರವನ್ನು ೧೯೭೩ರಲ್ಲಿ ನಿಲ್ಲಿಸಿದಾಗ, ೧೯೬೭ರಲ್ಲಿ ಸಲ್ಲಿಸಿದ್ದ ಕೀಳು ಆದ್ಯತೆಯ ಕೆಲಸವೊಂದು ಇನ್ನೂ ಕಾಯುತ್ತಿದ್ದುದು ಕಂಡುಬಂದಿತೆಂದು ಕಾರ್ಯವ್ಯವಸ್ಥೆಗಳ ಪ್ರಸಿದ್ಧ ಪಠ್ಯಪುಸ್ತಕವೊಂದು ಹೇಳುತ್ತದೆ. ಆ ಗ್ರಂಥವೇ ಇದನ್ನು ವದಂತಿಯೆಂದು ಕರೆದಿರುವುದರಿಂದ ಇದನ್ನು ಚಾರಿತ್ರಿಕ ಸಂಗತಿಯೆಂದು ಗ್ರಹಿಸಲಾಗದು. ಆದರೂ ಐತಿಹ್ಯಗಳು ಜನರ ಭಯವನ್ನು ಕಾಪಾಡಿಡುತ್ತವೆ. ಕೇಳುವವರಿಲ್ಲದ ಸರದಿಯಲ್ಲಿ ಮರೆತುಹೋಗುವ ಭಯ ಈ ಕಥೆಯಲ್ಲಿದೆ.

ಬೆಲ್ ಪ್ರಯೋಗಶಾಲೆಯಲ್ಲಿ ೧೯೬೯ರಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆ ಈ ಮಾರ್ಗದಲ್ಲಿ ಮುಂದುವರಿದು, ಕಾಲವನ್ನೇ ಆಜ್ಞೆಯ ಅಂಗವನ್ನಾಗಿ ಮಾಡಿತು. ಅದರ ‘ಕ್ರಾನ್’ ಎಂಬ ಕ್ರಮವಿಧಿಗೆ ಕಾಲವಾಚಕವಾದ ಗ್ರೀಕ್ ಪದದಿಂದ ಹೆಸರು ಬಂದಿದೆ. ಕೆನ್ ಥಾಂಪ್ಸನ್ ಅದರ ಕರ್ತೃ. ನಿಮಿಷ, ಗಂಟೆ, ತಿಂಗಳ ದಿನಾಂಕ, ತಿಂಗಳು, ವಾರ ಎಂಬ ಐದು ಅಂಕಣಗಳನ್ನೂ ಅವುಗಳ ಮುಂದೆ ಒಂದು ಆಜ್ಞೆಯನ್ನೂ ಬರೆದಿಟ್ಟರೆ, ಆ ಮುಹೂರ್ತ ಬಂದಾಗಲೆಲ್ಲ ಆಜ್ಞೆ ನಡೆಯುತ್ತದೆ. ಸೋಮವಾರ ಬೆಳಗಿನ ಜಾವ ಎರಡೂವರೆಗೆ ಒಂದು ಕೆಲಸವಾಗಬೇಕಾದರೆ ೩೦, ೨, ನಕ್ಷತ್ರಚಿಹ್ನೆ, ನಕ್ಷತ್ರಚಿಹ್ನೆ, ೧ ಎಂದು ಬರೆದರಾಯಿತು.

೧೯೭೯ರ ಏಳನೆಯ ಆವೃತ್ತಿಯಲ್ಲಿ ಇಡೀ ಯಂತ್ರಕ್ಕೆ ಇಂಥ ಪಟ್ಟಿ ಒಂದೇ ಇತ್ತು. ಅದರ ಆಜ್ಞೆಗಳು ವ್ಯವಸ್ಥಾಪಕನ ಅಧಿಕಾರದಿಂದಲೇ ನಡೆಯುತ್ತಿದ್ದವು. ಒಬ್ಬೊಬ್ಬ ಬಳಕೆದಾರನಿಗೂ ತನ್ನದೇ ಪಟ್ಟಿ ದೊರೆತದ್ದು ತರುವಾಯ. ‘ಕ್ರಾನ್‌ಟ್ಯಾಬ್’ ಎಂಬ ಆಜ್ಞೆಯೊಡನೆ ‘ಎಲ್’ ಅಕ್ಷರ ಸೇರಿಸಿದರೆ ಪಟ್ಟಿ ಕಾಣುತ್ತದೆ, ‘ಇ’ ಸೇರಿಸಿದರೆ ತಿದ್ದಬಹುದು, ‘ಆರ್’ ಸೇರಿಸಿದರೆ ಪಟ್ಟಿ ಅಳಿಯುತ್ತದೆ. ಯಾರಿಗೆ ಈ ಸೌಲಭ್ಯ ಉಂಟು, ಯಾರಿಗಿಲ್ಲ ಎಂಬುದನ್ನು ‘ಅಲೌ’ ಮತ್ತು ‘ಡಿನೈ’ ಎಂಬ ಎರಡು ಕಡತಗಳು ನಿರ್ಣಯಿಸುತ್ತವೆ. ಪಾಲ್ ವಿಕ್ಸಿ ೧೯೮೭ರಲ್ಲಿ ರಚಿಸಿದ ರೂಪಾಂತರವು ಬಹಳ ಪ್ರಚಾರಕ್ಕೆ ಬಂದಿತು.

ಅಧಿಕಾರದೊಡನೆ ಅಪಾಯವೂ ಕೈಸೇರಿತೆಂಬುದನ್ನು ಇಲ್ಲಿ ಗಮನಿಸಬೇಕು. ಇಂಗ್ಲಿಷ್ ಕೀಲಿಮಣೆಯಲ್ಲಿ ‘ಇ’ ಮತ್ತು ‘ಆರ್’ ಅಕ್ಕಪಕ್ಕದ ಅಕ್ಷರಗಳು. ತಿದ್ದಲು ಹೊರಟವನ ಬೆರಳು ಒಂದು ಮನೆ ಜಾರಿದರೆ ಇಡೀ ಪಟ್ಟಿ, ಸಾಮಾನ್ಯವಾಗಿ ಮರುಪ್ರಶ್ನೆಯಿಲ್ಲದೆ, ಅಳಿದುಹೋಗುತ್ತದೆ. ಆದುದರಿಂದಲೇ ತಿದ್ದುವ ಮೊದಲು ‘ಎಲ್’ ಆಜ್ಞೆಯಿಂದ ಪಟ್ಟಿಯನ್ನು ತೆಗೆದು ಬೇರೊಂದು ಕಡತದಲ್ಲಿ ಇಟ್ಟುಕೊಳ್ಳುವ ಶಿಸ್ತು ಅನುಭವಸ್ಥರಲ್ಲಿ ರೂಢವಾಗಿದೆ. ಕಿಟಕಿಯ ಆಚೆ ಇದ್ದ ಆಪರೇಟರನ ಎಚ್ಚರವನ್ನು ಈಗ ಬಳಕೆದಾರನೇ ವಹಿಸಬೇಕಾಯಿತು.

೫

ಕ್ರಾನ್ ಎಂಬುದು ಗಡಿಯಾರದ ಏರ್ಪಾಟು, ಸರದಿಯ ಏರ್ಪಾಟಲ್ಲ. ಹೊತ್ತು ಬಂದಿತೆಂದರೆ ಸ್ಥಳವಿದೆಯೆ, ಬೇರೆಯವರು ಕಾದಿದ್ದಾರೆಯೆ ಎಂದು ಅದು ನೋಡುವುದಿಲ್ಲ. ದೊಡ್ಡ ವೈಜ್ಞಾನಿಕ ಯಂತ್ರಗಳಿಗೆ ಇಷ್ಟು ಸಾಲದಾಯಿತು. ಅಮೆರಿಕದ ನಾಸಾ ಸಂಸ್ಥೆಯ ಏಮ್ಸ್ ಕೇಂದ್ರಕ್ಕಾಗಿ ೧೯೮೦ರ ದಶಕದಲ್ಲಿ ‘ಎನ್‌ಕ್ಯೂಎಸ್’ ಎಂಬ ಸರದಿವ್ಯವಸ್ಥೆ ಸಿದ್ಧವಾಯಿತು. ಅದರ ಸ್ಥಾನದಲ್ಲಿ ‘ಪಿಬಿಎಸ್’ ಎಂಬುದರ ರಚನೆ ಅಲ್ಲಿಯೇ ೧೯೯೧ರಲ್ಲಿ ತೊಡಗಿತು. ಸಲ್ಲಿಸಲು ‘ಕ್ಯೂಸಬ್’, ನೋಡಲು ‘ಕ್ಯೂಸ್ಟ್ಯಾಟ್’, ಅಳಿಸಲು ‘ಕ್ಯೂಡೆಲ್’ ಎಂಬ ಆಜ್ಞೆಗಳು ಈ ಪರಂಪರೆಯವು. ೧೯೯೪ರಲ್ಲಿ ಪೋಸಿಕ್ಸ್ ಎಂಬ ಅಂತರರಾಷ್ಟ್ರೀಯ ಮಾನಕವು ಇಂಥ ಹನ್ನೊಂದು ಆಜ್ಞೆಗಳಿಗೆ ನಿಶ್ಚಿತ ಲಕ್ಷಣವನ್ನು ಹೇಳಿತು. ೨೦೦೮ರ ಆವೃತ್ತಿಯಲ್ಲಿ ಅವುಗಳನ್ನು ಬಳಕೆ ತಪ್ಪುತ್ತಿರುವವೆಂದು ಗುರುತಿಸಲಾಯಿತಾದರೂ ಪದಗಳು ಜನರ ಬೆರಳುಗಳಲ್ಲಿ ಉಳಿದವು.

ಈ ಮಾನಕದಲ್ಲಿ ನಮ್ಮ ವಾದಕ್ಕೆ ಮುಖ್ಯವಾದ ಆಧಾರವೊಂದಿದೆ. ಕೆಲಸವನ್ನು ತಡೆಯುವ ‘ಕ್ಯೂಹೋಲ್ಡ್’ ಆಜ್ಞೆಗೆ ‘ಯು’, ‘ಓ’, ‘ಎಸ್’ ಎಂಬ ಮೂರು ಗುರುತುಗಳುಂಟು. ಕ್ರಮವಾಗಿ ಬಳಕೆದಾರನ ತಡೆ, ಆಪರೇಟರನ ತಡೆ, ವ್ಯವಸ್ಥೆಯ ತಡೆ ಎಂದು ಅವುಗಳ ಅರ್ಥ. ತಾನು ಹಾಕಿದ ತಡೆಯನ್ನು ಬಳಕೆದಾರನು ತಾನೇ ತೆಗೆಯಬಹುದು. ಮಿಕ್ಕ ಎರಡನ್ನು ತೆಗೆಯಲು ಹೆಚ್ಚಿನ ಅಧಿಕಾರ ಬೇಕು. ೩೬೦ರ ಕಾಲದಲ್ಲಿ ಆಪರೇಟರನೊಬ್ಬನದೇ ಆಗಿದ್ದ ‘ಬಿಡು’ ಎಂಬ ಮಾತು ಹೀಗೆ ಪಾಲಾಯಿತು. ಅಧಿಕಾರವು ಅಳಿಯಲಿಲ್ಲ, ಆದರೆ ಅದರ ಗಡಿ ಬರೆಹದಲ್ಲಿ ನಿಂತಿತು. ಅಲಿಖಿತವಾದ ರೂಢಿಗೂ ಲಿಖಿತವಾದ ಕಟ್ಟಳೆಗೂ ಇರುವ ಅಂತರ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ.

೬

ಇನ್ನು ಎರಡನೆಯ ಪ್ರಶ್ನೆ: ಕಾಯುವವನಿಗೆ ಕಾರಣ ಹೇಳುವವರು ಯಾರು? ಸರದಿಯ ನ್ಯಾಯವನ್ನು ಕುರಿತ ಎರಡು ಚಿಂತನೆಗಳು ಇಲ್ಲಿ ಪ್ರಸ್ತುತ. ಸಿಡ್ನಿ ವಿಶ್ವವಿದ್ಯಾನಿಲಯದ ಜೂಡಿ ಕೇ ಮತ್ತು ಪಿಯರ್ಸ್ ಲಾಡರ್ ೧೯೮೮ರಲ್ಲಿ ನ್ಯಾಯವಾದ ಪಾಲಿನ ತತ್ತ್ವವನ್ನು ಪ್ರತಿಪಾದಿಸಿದರು. ಈಚೆಗೆ ಯಂತ್ರವನ್ನು ಹೆಚ್ಚು ಬಳಸಿದವನ ಆದ್ಯತೆ ತಗ್ಗಬೇಕು. ಹಳೆಯ ಬಳಕೆಯ ಲೆಕ್ಕ ಕಾಲಕ್ರಮದಲ್ಲಿ ಮಾಸಬೇಕು ಎಂಬುದು ಅದರ ಸಾರ. ಎರಡನೆಯದು ಸಂದುಗಳನ್ನು ತುಂಬುವ ಕ್ರಮ. ೧೯೯೫ರಲ್ಲಿ ಆರ್ಗಾನ್ ರಾಷ್ಟ್ರೀಯ ಪ್ರಯೋಗಶಾಲೆಯ ಡೇವಿಡ್ ಲಿಫ್ಕಾ ಅದನ್ನು ವಿವರಿಸಿದರು. ಹತ್ತು ಘಟಕಗಳ ಯಂತ್ರದಲ್ಲಿ ಆರು ಇನ್ನೂ ಮೂರು ಗಂಟೆ ದುಡಿಯಬೇಕಿವೆಯೆಂದೂ, ಮುಂದಿನ ಕೆಲಸಕ್ಕೆ ಹತ್ತೂ ಘಟಕಗಳು ಬೇಕೆಂದೂ ಇಟ್ಟುಕೊಳ್ಳೋಣ. ಬರಿದಾಗಿರುವ ನಾಲ್ಕರಲ್ಲಿ ಎರಡು ಗಂಟೆಯ ಚಿಕ್ಕ ಕೆಲಸವೊಂದನ್ನು ಮುಂದೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಆದರೆ ಈ ಲೆಕ್ಕವು ನಿಲ್ಲುವುದು ಬಳಕೆದಾರನ ಮಾತಿನ ಮೇಲೆ. ಹೇಳಿದ ಅವಧಿ ಮೀರಿದರೆ ಯಂತ್ರವು ಕೆಲಸವನ್ನು ಕೊನೆಗೊಳಿಸುತ್ತದೆಂಬ ಭಯದಿಂದ ಜನರು ಎರಡು ಗಂಟೆಯ ಕೆಲಸಕ್ಕೆ ಹನ್ನೆರಡು ಗಂಟೆ ಬೇಡುವುದುಂಟು. ಹಾಗೆ ಬೇಡಿದಾಗ ಮೇಲ್ಕಂಡ ಸಂದಿನಲ್ಲಿ ಅವರಿಗೇ ಸ್ಥಳ ದೊರೆಯದು. ನಾಲ್ಕು ಘಟಕಗಳೂ ವ್ಯರ್ಥವಾಗುತ್ತವೆ. ಹಿಂದೆ ಆಪರೇಟರನ ಪ್ರಾಮಾಣಿಕತೆಯನ್ನು ಅವಲಂಬಿಸಿದ್ದ ಸರದಿಯ ನ್ಯಾಯವು ಈಗ ಕಾಯುವವರೆಲ್ಲರ ಪ್ರಾಮಾಣಿಕತೆಯನ್ನು ಅವಲಂಬಿಸಿತು.

ಲಾರೆನ್ಸ್ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿ ೨೦೦೦ರ ದಶಕದ ಆರಂಭದಲ್ಲಿ ಮೈದಳೆದ ‘ಸ್ಲರ್ಮ್’ ವ್ಯವಸ್ಥೆಯಲ್ಲಿ ಈ ಎರಡು ತತ್ತ್ವಗಳೂ ಕೂಡಿವೆ. ಸಲ್ಲಿಸಲು ‘ಎಸ್‌ಬ್ಯಾಚ್’, ನೋಡಲು ‘ಎಸ್‌ಕ್ಯೂ’, ತಡೆಯಲು ಮತ್ತು ಬಿಡಲು ‘ಎಸ್‌ಕಂಟ್ರೋಲ್’, ರದ್ದುಮಾಡಲು ‘ಎಸ್‌ಕ್ಯಾನ್ಸಲ್’: ಕ್ರಿಯಾಪದಗಳು ಅವೇ ಐದು. ಹೊಸದೆಂದರೆ, ‘ಎಸ್‌ಕ್ಯೂ’ ತೋರಿಸುವ ಪಟ್ಟಿಯ ಕೊನೆಯ ಅಂಕಣವು ಕಾಯುತ್ತಿರುವ ಕೆಲಸದ ಕಾರಣವನ್ನು ತಿಳಿಸುತ್ತದೆ. ಸಂಪನ್ಮೂಲ ಸಾಲದು, ಹೆಚ್ಚಿನ ಆದ್ಯತೆಯವರು ಮುಂದಿದ್ದಾರೆ, ಬಳಕೆದಾರನು ತಡೆದಿದ್ದಾನೆ, ಆಡಳಿತಗಾರನು ತಡೆದಿದ್ದಾನೆ ಎಂದು ಅಲ್ಲಿ ನಮೂದಾಗುತ್ತದೆ. ‘ಎಸ್‌ಪ್ರಿಯೊ’ ಎಂಬ ಇನ್ನೊಂದು ಆಜ್ಞೆ ಕಾದ ಹೊತ್ತು, ನ್ಯಾಯವಾದ ಪಾಲು, ಕೆಲಸದ ಗಾತ್ರ ಇವುಗಳಿಗೆ ದೊರೆತ ಅಂಕಗಳನ್ನು ಬಿಡಿಸಿಡುತ್ತದೆ. ಕಿಟಕಿಯ ಆಚೆ ಮರೆಯಾಗಿದ್ದ ಕಾರಣವು ಕೇಳಿದವನಿಗೆ ಒಂದೇ ಆಜ್ಞೆಯಿಂದ ದೊರೆಯುವಂತಾದುದು ಈ ಇತಿಹಾಸದ ದೊಡ್ಡ ಘಟನೆಯೆಂದು ನಾವು ಭಾವಿಸುತ್ತೇವೆ.

೭

ಈ ಪರಂಪರೆಯ ಮುಖ್ಯ ಘಟ್ಟಗಳು ನಮ್ಮ ನಾಡಿನಲ್ಲಿಯೂ ಕಾಣಸಿಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೦ರ ದಶಕದಲ್ಲಿ ಐಬಿಎಂ ೩೬೦/೪೪ ಯಂತ್ರವು ಬಳಕೆಯಲ್ಲಿತ್ತು. ೨೦೧೫ರಲ್ಲಿ ಅಲ್ಲಿ ನೆಲೆಗೊಂಡ ‘ಸಹಸ್ರಟಿ’ ಯಂತ್ರದ ಸರದಿಯನ್ನು ಪಿಬಿಎಸ್ ನಡೆಸಿತು. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಯೋಜನೆಯಡಿ ೨೦೨೨ರಲ್ಲಿ ಸ್ಥಾಪಿತವಾದ, ೩.೩ ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ಕ್ಕೆ ಸ್ಲರ್ಮ್ ವ್ಯವಸ್ಥೆಯನ್ನು ಅಳವಡಿಸಲಾಯಿತು.

ಚಿತ್ರಫಲಕಗಳನ್ನು ಒತ್ತಿ ಕೆಲಸ ನಡೆಸುವ ಈ ಕಾಲದಲ್ಲಿಯೂ ಸರದಿಯ ಆಜ್ಞೆಗಳು ಬರೆಹದಲ್ಲಿಯೇ ಏಕೆ ಉಳಿದಿವೆ ಎಂಬ ಪ್ರಶ್ನೆ ಸಹಜ. ಬರೆದ ಆಜ್ಞೆಯನ್ನು ಇನ್ನೊಬ್ಬರು ಓದಬಹುದು, ಪುನಃ ನಡೆಸಬಹುದು, ತಪ್ಪಿದ್ದರೆ ತೋರಿಸಬಹುದು. ಏನನ್ನು ಬೇಡಲಾಯಿತು, ಎಷ್ಟು ಹೊತ್ತಿಗೆ ಬೇಡಲಾಯಿತು, ಯಾರು ತಡೆದರು ಎಂಬುದಕ್ಕೆ ಅದು ಶಾಸನದಂತೆ ನಿಲ್ಲುತ್ತದೆ. ನಮ್ಮ ಕಾಲೇಜುಗಳಲ್ಲಿ ಈ ಆಜ್ಞೆಗಳನ್ನು ಕಲಿಸುವಾಗ ಅಧ್ಯಾಪಕರು ಪದಗಳ ರೂಪವನ್ನಷ್ಟೇ ಅಲ್ಲದೆ ಅವುಗಳ ಹಿಂದಿರುವ ನ್ಯಾಯವನ್ನೂ ತಿಳಿಸಿಕೊಡುವುದು ಅಗತ್ಯ. ವಿದ್ಯಾರ್ಥಿಯೊಬ್ಬನು ತನ್ನ ಕೆಲಸಕ್ಕೆ ಬೇಕಾದಷ್ಟೇ ಕಾಲವನ್ನು ಬೇಡುವುದನ್ನೂ, ಬೇಡವಾದ ಕೆಲಸವನ್ನು ತಾನೇ ರದ್ದುಮಾಡುವುದನ್ನೂ ರೂಢಿಸಿಕೊಂಡರೆ, ಅವನ ಹಿಂದೆ ನಿಂತವರ ಕಾಯುವಿಕೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.